ದೊರೆಯನ್ನು ಪ್ರಶ್ನಿಸುವವರು ಯಾರು? ರೋಮ್‌ನಿಂದ ಮಧ್ಯಯುಗದ ಯುರೋಪಿನವರೆಗೆ

ರೋಮ್ ಸಾಮ್ರಾಜ್ಯದ ಕೊನೆಯ ಕಾಲದಿಂದ ಮಧ್ಯಯುಗದವರೆಗಿನ ಪಾಠದಲ್ಲಿ ಹೆಸರುಗಳು ಜಾಸ್ತಿ. ಒಂದೊಂದನ್ನೇ ಉರು ಹೊಡೆದರೆ ನಿಲ್ಲುವುದಿಲ್ಲ. ಅದಕ್ಕೆ ಒಂದೇ ಪ್ರಶ್ನೆ ಹಿಡಿದು ಓದೋಣ: ದೊರೆ ತಪ್ಪು ಮಾಡಿದರೆ ಅವನನ್ನು ಕೇಳುವವರು ಯಾರು? ಈ ಕಾಲದ ಮುಖ್ಯ ವ್ಯಕ್ತಿಗಳು, ಸಂಸ್ಥೆಗಳು ಬಹುಪಾಲು ಈ ಪ್ರಶ್ನೆಯ ಸುತ್ತಲೇ ಸಿಗುತ್ತವೆ.

ಚಕ್ರವರ್ತಿಯೇ ಮೇಲೆ

313ರಲ್ಲಿ ರೋಮ್ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಸೇರಿ ಕ್ರೈಸ್ತರಿಗೆ ತಮ್ಮ ಧರ್ಮ ಆಚರಿಸುವ ಸ್ವಾತಂತ್ರ್ಯ ಕೊಟ್ಟರು. ನೆನಪಿಡಿ, ಕ್ರೈಸ್ತ ಧರ್ಮ ರಾಜ್ಯದ ಧರ್ಮವಾದದ್ದು ಆಗಲ್ಲ. ಅದು ಚಕ್ರವರ್ತಿ ಥಿಯೊಡೋಸಿಯಸ್ ಕಾಲದಲ್ಲಿ, 380ರ ಆಜ್ಞೆಯಿಂದ. ಪರೀಕ್ಷೆಯಲ್ಲಿ ಈ ಎರಡನ್ನು ಕಲಸಿಬಿಡುವವರು ತುಂಬ ಜನ.

325ರಲ್ಲಿ ನೈಸಿಯಾದಲ್ಲಿ ಬಿಷಪ್‌ಗಳ, ಅಂದರೆ ಒಂದೊಂದು ಪ್ರದೇಶದ ಚರ್ಚಿನ ಮುಖ್ಯಸ್ಥರ, ದೊಡ್ಡ ಸಭೆ ಕರೆದದ್ದು ಕಾನ್‌ಸ್ಟಂಟೈನ್. ಆಗಿನ್ನೂ ಅವನು ಕ್ರೈಸ್ತನಾಗುವ ದೀಕ್ಷಾಸ್ನಾನ ಪಡೆದಿರಲಿಲ್ಲ. ಪಡೆದದ್ದು 337ರಲ್ಲಿ, ಸಾಯುವ ಮುಂಚೆ. ದೀಕ್ಷೆಯೇ ಆಗದ ಚಕ್ರವರ್ತಿ ಕರೆದ, ಬಿಷಪ್‌ಗಳು ಬಂದರು. ಆ ಕಾಲದ ಬಲಾಬಲ ಹೇಗಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ.

ಮಿಲಾನ್, 390

ಥೆಸಲೊನಿಕಾದಲ್ಲಿ ಜನ ದಂಗೆ ಎದ್ದು ಒಬ್ಬ ಸೇನಾಧಿಕಾರಿಯನ್ನು ಕೊಂದರು. ಥಿಯೊಡೋಸಿಯಸ್ ಸಿಟ್ಟಿನಲ್ಲಿ ಸೈನ್ಯ ಬಿಟ್ಟ. ಊರಿನ ಸಾವಿರಾರು ಜನ ಸತ್ತರು. ಮಿಲಾನ್‌ನ ಬಿಷಪ್ ಆಂಬ್ರೋಸ್ ಚಕ್ರವರ್ತಿಗೆ ಪತ್ರ ಬರೆದು, ನೀವು ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ ನಿಮ್ಮೆದುರು ನಾನು ಪೂಜೆ ನಡೆಸಲಾರೆ ಎಂದ. ಚಕ್ರವರ್ತಿ ರಾಜಲಾಂಛನ ಕಳಚಿಟ್ಟು, ಚರ್ಚಿನಲ್ಲಿ ಎಲ್ಲರೆದುರು ಅತ್ತ.

ಆಂಬ್ರೋಸ್ ಚರ್ಚಿನ ಬಾಗಿಲಲ್ಲಿ ನಿಂತು ಚಕ್ರವರ್ತಿಯನ್ನು ತಡೆದ ಎನ್ನುವ ದೃಶ್ಯ ಆಮೇಲೆ ಹುಟ್ಟಿದ ಕಥೆ. ಚಿತ್ರಕಾರರಿಗೆ ಅದು ಇಷ್ಟ. ನನಗೆ ಆ ಪತ್ರವೇ ದೊಡ್ಡದು. ಸೈನ್ಯ ಇಲ್ಲದ ಒಬ್ಬ ಮನುಷ್ಯ ಜಗತ್ತಿನ ಅತಿ ಬಲಿಷ್ಠ ದೊರೆಗೆ ಬರೆದದ್ದು, ಅಲ್ವಾ?

ಇದಾಗಿ ಸುಮಾರು ನೂರು ವರ್ಷಕ್ಕೆ, 494ರಲ್ಲಿ, ಪೋಪ್ ಗೆಲಾಸಿಯಸ್ ಇದನ್ನೇ ಸಿದ್ಧಾಂತ ಮಾಡಿದ. ಜಗತ್ತನ್ನು ಆಳುವುದು ಎರಡು ಶಕ್ತಿ, ಪುರೋಹಿತರದ್ದು ಮತ್ತು ರಾಜರದ್ದು. ದೇವರ ಮುಂದೆ ರಾಜರ ಪರವಾಗಿಯೂ ಪುರೋಹಿತರೇ ಉತ್ತರ ಕೊಡಬೇಕು, ಹಾಗಾಗಿ ಅವರ ಹೊರೆ ಜಾಸ್ತಿ. ಮುಂದಿನ ಜಗಳಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

476ರ ನಂತರ

ಆ ವರ್ಷ ಸೇನಾನಾಯಕ ಒಡೋಸರ್ ರೋಮ್ ಸಾಮ್ರಾಜ್ಯದ ಪಶ್ಚಿಮ ಭಾಗದ ಕೊನೆಯ ಚಕ್ರವರ್ತಿಯನ್ನು ಇಳಿಸಿದ. ಪೂರ್ವದ ಸಾಮ್ರಾಜ್ಯ 1453ರವರೆಗೆ ನಡೆಯಿತು. ಪಶ್ಚಿಮದಲ್ಲಿ ಆಡಳಿತದ ಎಷ್ಟೋ ಕೆಲಸ ಬಿಷಪ್‌ಗಳ ಹೆಗಲಿಗೆ ಬಿತ್ತು. 590ರಲ್ಲಿ ಪೋಪ್ ಆದ ಮೊದಲನೇ ಗ್ರೆಗರಿಯನ್ನು ನೋಡಿ: ರೋಮ್ ಜನರಿಗೆ ಧಾನ್ಯ ಹಂಚಿಸಿದ, ಇಟಲಿಗೆ ನುಗ್ಗಿದ್ದ ಲೊಂಬಾರ್ಡರ ಜೊತೆ ತಾನೇ ಸಂಧಾನಕ್ಕೆ ಕೂತ.

800ರ ಕ್ರಿಸ್‌ಮಸ್ ದಿನ ಪೋಪ್ ಮೂರನೇ ಲಿಯೋ ಫ್ರಾಂಕ್ ಜನರ ದೊರೆ ಶಾರ್ಲಮೇನ್ ತಲೆಗೆ ಚಕ್ರವರ್ತಿ ಕಿರೀಟ ಇಟ್ಟ. ಇದರಿಂದ ಪೋಪ್ ದೊಡ್ಡವನಾದ ಅಂತ ಸುಮ್ನೆ ಬರೆದುಬಿಡಬೇಡಿ. ಹಿಂದಿನ ವರ್ಷವಷ್ಟೇ ರೋಮ್‌ನಲ್ಲಿ ಲಿಯೋ ಮೇಲೆ ಹಲ್ಲೆಯಾಗಿತ್ತು. ಅವನು ಓಡಿ ಹೋಗಿ ಆಶ್ರಯ ಕೇಳಿದ್ದು ಶಾರ್ಲಮೇನ್ ಹತ್ತಿರವೇ. 813ರಲ್ಲಿ ಮಗ ಲೂಯಿಗೆ ಆಖೆನ್‌ನಲ್ಲಿ ಪಟ್ಟ ಕಟ್ಟುವಾಗ ಶಾರ್ಲಮೇನ್ ಪೋಪ್‌ನನ್ನು ಕರೆಯಲೇ ಇಲ್ಲ.

ಬಿಷಪ್‌ನನ್ನು ನೇಮಿಸುವುದು ಯಾರು?

ಇದು ಬರೀ ಧರ್ಮದ ಜಗಳ ಅಲ್ಲ. ಜರ್ಮನಿಯಲ್ಲಿ ಬಿಷಪ್‌ಗಳ ಕೈಯಲ್ಲಿ ದೊಡ್ಡ ದೊಡ್ಡ ಭೂಮಿ ಇತ್ತು. ದೊರೆಗೆ ಅವರು ಸೈನಿಕರನ್ನು ಒದಗಿಸಬೇಕಿತ್ತು. ಸಾಮಂತ ಸತ್ತರೆ ಭೂಮಿ ಮಗನಿಗೆ ಹೋಗುತ್ತಿತ್ತು. ಬಿಷಪ್‌ಗೆ ವಾರಸುದಾರ ಮಗ ಇಲ್ಲ, ಹಾಗಾಗಿ ಪ್ರತಿ ಸಲ ದೊರೆ ತನಗೆ ಬೇಕಾದವನನ್ನು ಕೂರಿಸಬಹುದು. ಅದಕ್ಕೇ ದೊರೆಗಳು ಬಿಷಪ್ ಪದವಿಯ ಗುರುತಾದ ಉಂಗುರ ಮತ್ತು ದಂಡ (ಕೋಲು) ಕೊಟ್ಟು ಬಿಷಪ್‌ಗಳನ್ನು ನೇಮಿಸುವ ಹಕ್ಕನ್ನು ಬಿಡಲು ಒಪ್ಪಲಿಲ್ಲ.

1046ರಲ್ಲಿ ಜರ್ಮನಿಯ ದೊರೆ ಮೂರನೇ ಹೆನ್ರಿ, ಪೋಪ್ ಪಟ್ಟಕ್ಕೆ ಕಿತ್ತಾಡುತ್ತಿದ್ದ ಮೂವರನ್ನೂ ಬದಿಗೆ ಸರಿಸಿ ತನ್ನವನನ್ನು ಕೂರಿಸಿದ. ಹತ್ತು ವರ್ಷಕ್ಕೆ ಅವನು ಸತ್ತಾಗ ಮಗ ನಾಲ್ಕನೇ ಹೆನ್ರಿ ಇನ್ನೂ ಚಿಕ್ಕ ಹುಡುಗ. ಆ ಸಮಯ ಬಳಸಿಕೊಂಡ ಚರ್ಚ್, 1059ರಲ್ಲಿ ಪೋಪ್‌ನ ಆಯ್ಕೆಯನ್ನು ಕಾರ್ಡಿನಲ್‌ಗಳ, ಅಂದರೆ ರೋಮ್ ಚರ್ಚಿನ ಹಿರಿಯ ಪುರೋಹಿತರ, ಕೈಗೆ ಕೊಟ್ಟಿತು. ಈ ಕೊಂಡಿಯನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದು ಕಷ್ಟ.

ಮುಂದೆ ಪೋಪ್ ಆದ ಏಳನೇ ಗ್ರೆಗರಿ, ದೊರೆಗಳು ಬಿಷಪ್‌ಗಳನ್ನು ನೇಮಿಸಬಾರದು ಎಂದ. ಅಷ್ಟರಲ್ಲಿ ದೊಡ್ಡವನಾಗಿದ್ದ ನಾಲ್ಕನೇ ಹೆನ್ರಿ ಜಗ್ಗಲಿಲ್ಲ. 1076ರಲ್ಲಿ ಗ್ರೆಗರಿ ಅವನಿಗೆ ಚರ್ಚಿನಿಂದ ಬಹಿಷ್ಕಾರ ಹಾಕಿ, ಪ್ರಜೆಗಳು ಅವನಿಗೆ ಕೊಟ್ಟ ಪ್ರಮಾಣದಿಂದ ಬಿಡುಗಡೆ ಎಂದ. ಹೆನ್ರಿಯನ್ನು ಕಂಡರಾಗದ ಜರ್ಮನ್ ಸಾಮಂತರಿಗೆ ಇಷ್ಟೇ ಸಾಕಾಗಿತ್ತು. ವರ್ಷದೊಳಗೆ ಬಹಿಷ್ಕಾರ ತೆಗೆಸಿಕೊಳ್ಳದಿದ್ದರೆ ನೀನು ನಮ್ಮ ದೊರೆಯಲ್ಲ ಎಂದರು. 1077ರ ಜನವರಿಯಲ್ಲಿ ಹೆನ್ರಿ ಆಲ್ಪ್ಸ್ ದಾಟಿ, ಟಸ್ಕನಿಯ ಮಟಿಲ್ಡಾಳ ಕನೋಸಾ ಕೋಟೆಯ ಹೊರಗೆ ಮೂರು ದಿನ ಕಾದ. ಗ್ರೆಗರಿ ಕ್ಷಮಿಸಿದ.

ಎಷ್ಟೋ ಟಿಪ್ಪಣಿಗಳು ಇಲ್ಲಿಗೇ ಮುಗಿಯುತ್ತವೆ, ಪೋಪ್ ಗೆದ್ದ ಎನ್ನುತ್ತವೆ. ಮುಂದೆ ಓದಿ. ಕ್ಷಮೆ ಸಿಕ್ಕಿದ್ದರಿಂದ ಹೆನ್ರಿಯ ಸಿಂಹಾಸನ ಉಳಿಯಿತು. 1084ರಲ್ಲಿ ಅವನು ರೋಮ್ ಹಿಡಿದ, ತಾನೇ ನಿಲ್ಲಿಸಿದ ಇನ್ನೊಬ್ಬ ಪೋಪ್‌ನಿಂದ ಚಕ್ರವರ್ತಿ ಕಿರೀಟ ಪಡೆದ. ಗ್ರೆಗರಿ ರೋಮ್ ಬಿಟ್ಟು, 1085ರಲ್ಲಿ ಸಲೆರ್ನೊದಲ್ಲಿ ತೀರಿಕೊಂಡ.

ರಾಜಿ ಆದದ್ದು 1122ರಲ್ಲಿ, ವರ್ಮ್ಸ್ ಒಪ್ಪಂದದಲ್ಲಿ. ಉಂಗುರ, ದಂಡ ಚರ್ಚ್ ಕೊಡಬೇಕು. ಭೂಮಿಯ ಗುರುತಾಗಿ ರಾಜದಂಡವನ್ನು ದೊರೆ ಕೊಡಬೇಕು. ಜರ್ಮನಿಯಲ್ಲಿ ಅಭಿಷೇಕಕ್ಕೆ ಮುಂಚೆಯೇ ದೊರೆ ಭೂಮಿ ಕೊಡುವಂತಾಯಿತು, ಆಯ್ಕೆ ನಡೆಯುವಾಗ ಅವನು ಅಲ್ಲೇ ಇರಬಹುದಿತ್ತು. ಹಾಗಾಗಿ ಅಲ್ಲಿ ಅವನ ಹಿಡಿತ ಉಳಿಯಿತು. ಇಟಲಿ ಮತ್ತು ಬರ್ಗಂಡಿಯಲ್ಲಿ ಅಭಿಷೇಕ ಮುಗಿದು ಆರು ತಿಂಗಳೊಳಗೆ ಕೊಟ್ಟರೆ ಸಾಕು ಎಂದಾಯಿತು. ಅಷ್ಟು ಹೊತ್ತಿಗೆ ಬಿಷಪ್ ಪೀಠದಲ್ಲಿ ಕೂತಾಗಿರುತ್ತಿದ್ದ.