ವರ್ಡ್ ಫೈಲಿನ ಹೊಟ್ಟೆಯಲ್ಲಿ ಪೂರ್ತಿ ಫೋಟೋ

ಯಾರೋ ಫೋಟೋಗಳನ್ನು ಬಿಡಿಬಿಡಿಯಾಗಿ ಕಳಿಸೋ ಬದಲು ಎಲ್ಲವನ್ನೂ ಒಂದೇ ವರ್ಡ್ ಫೈಲಿಗೆ ಅಂಟಿಸಿ ಕಳಿಸಿರುತ್ತಾರೆ. ನಿಮಗೆ ಬೇಕಾಗಿರೋದು ಫೋಟೋ ಮಾತ್ರ. ತುಂಬಾ ಜನ ಸ್ಕ್ರೀನ್‌ಶಾಟ್ ಹೊಡೆದು ಕತ್ತರಿಸಿಕೊಳ್ಳುತ್ತಾರೆ. ಆಗ ಸಿಗೋದು ಪರದೆ ಮೇಲೆ ಕಂಡಷ್ಟೇ ಪಿಕ್ಸೆಲ್. 3000 ಪಿಕ್ಸೆಲ್ ಅಗಲದ ಫೋಟೋ ಪುಟದಲ್ಲಿ 600ರ ಜಾಗದಲ್ಲಿ ಕೂತಿದ್ದರೆ ನಿಮ್ಮ ಪಾಲಿಗೆ ಬರೋದು ಆ 600. ಉಳಿದದ್ದು ಫೈಲಿನೊಳಗೇ ಇರುತ್ತೆ.

ಅದನ್ನು ತೆಗೆಯೋಕೆ ಯಾವ ಸಾಫ್ಟ್‌ವೇರೂ ಬೇಡ. ವರ್ಡ್‌ನ ಡಾಕ್ಸ್ (.docx) ಫೈಲ್ ಅಂದರೆ ನಿಜವಾಗಿ ಒಂದು ಜಿಪ್ (.zip) ಗಂಟು, ಹಲವು ಫೈಲುಗಳನ್ನು ಒಂದರೊಳಗೆ ಕಟ್ಟಿಟ್ಟದ್ದು. ಫೈಲಿನ ಒಂದು ಕಾಪಿ ಮಾಡಿಕೊಳ್ಳಿ, ಹೆಸರಿನ ಕೊನೆಯ ಡಾಕ್ಸ್ ಅಳಿಸಿ ಜಿಪ್ ಅಂತ ಬರೆಯಿರಿ, ತೆರೆಯಿರಿ. ಒಳಗೆ 'ವರ್ಡ್' ಅನ್ನೋ ಫೋಲ್ಡರ್, ಅದರೊಳಗೆ 'ಮೀಡಿಯಾ', ಅಲ್ಲಿ ಇಮೇಜ್1, ಇಮೇಜ್2 ಅಂತ ಚಿತ್ರಗಳು ಸಾಲಾಗಿ ಇರುತ್ತವೆ. ಮೊದಲಿದ್ದ ಹೆಸರು ಹೋಗಿರುತ್ತೆ, ಅದೊಂದು ಕಿರಿಕಿರಿ. ಪವರ್‌ಪಾಯಿಂಟ್‌ನಲ್ಲಿ ಇದೇ ಮೀಡಿಯಾ ಫೋಲ್ಡರಿನಲ್ಲಿ ವಿಡಿಯೋ, ಆಡಿಯೋ ಕೂಡ ಸಿಗುತ್ತವೆ. ಲಿಬ್ರೆ ಆಫೀಸಿನ ಓಡಿಟಿ ಫೈಲಾದರೆ ಫೋಲ್ಡರ್ ಹೆಸರು 'ಪಿಕ್ಚರ್ಸ್'.

ನಂಬಿಕೆ ಬರದಿದ್ದರೆ ಡಾಕ್ಸ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಕಸದಂತೆ ಕಾಣೋ ಅಕ್ಷರಗಳ ಶುರುವಿನಲ್ಲೇ 'ಪಿ', 'ಕೆ' ಇರುತ್ತವೆ. 1989ರಲ್ಲಿ ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಆಫೀಸ್ 2007ರಿಂದ ವರ್ಡ್ ಸಾಮಾನ್ಯವಾಗಿ ಸೇವ್ ಮಾಡೋ ಫೈಲುಗಳಲ್ಲೆಲ್ಲ ಈ ಎರಡು ಅಕ್ಷರ ಕೂತಿವೆ.

ನನಗೆ ಇದರಲ್ಲಿ ಜಾಸ್ತಿ ಕುತೂಹಲ ಹುಟ್ಟಿಸೋದು ಕ್ರಾಪ್. ವರ್ಡ್‌ನಲ್ಲಿ ಫೋಟೋದ ಅಂಚು ಕತ್ತರಿಸಿದರೆ ಫೋಟೋ ಕತ್ತರಿಸಿ ಹೋಗೋದಿಲ್ಲ, 'ಎಡಗಡೆ ಇಷ್ಟು ಭಾಗ ತೋರಿಸಬೇಡ' ಅಂತ ಒಂದು ಸಾಲು ಬೇರೆ ಫೈಲಿನಲ್ಲಿ ಬರೆದಿಟ್ಟಿರುತ್ತೆ, ಅಷ್ಟೇ. ಆ ಸಾಲಿನಲ್ಲಿ 25000 ಅಂತಿದ್ದರೆ ಶೇ. 25 ಅಂತ ಅರ್ಥ. ಮೀಡಿಯಾ ಫೋಲ್ಡರಿಗೆ ಹೋದರೆ ಪೂರ್ತಿ ಫೋಟೋ ಹಾಗೇ ಇರುತ್ತೆ, ಪಕ್ಕದಲ್ಲಿ ನಿಂತಿದ್ದು ಬೇಡ ಅಂತ ನೀವು ತೆಗೆದವರೂ ಅಲ್ಲೇ ಇರುತ್ತಾರೆ! ನಿಜವಾಗಿ ಅಳಿಸಬೇಕಾದರೆ 'ಕಂಪ್ರೆಸ್ ಪಿಕ್ಚರ್ಸ್' ಒಳಗೆ ಕ್ರಾಪ್ ಆದ ಭಾಗ ಅಳಿಸೋ ಆಯ್ಕೆ ಹಾಕಿ, ಆಮೇಲೆ ಸೇವ್ ಮಾಡಬೇಕು. ಎಕ್ಸೆಲ್‌ನಿಂದ ಅಂಟಿಸಿದ ಚಾರ್ಟ್ ಇನ್ನೂ ಅಪಾಯದ್ದು. ಅಂಟಿಸುವಾಗ ಎಂಬೆಡ್ ಆಯ್ಕೆ ಒತ್ತಿದ್ದರೆ, ಚಾರ್ಟಿನ ಜೊತೆಗೆ ಇಡೀ ವರ್ಕ್‌ಬುಕ್ 'ಎಂಬೆಡಿಂಗ್ಸ್' ಫೋಲ್ಡರಿಗೆ ಬಂದು ಕೂತಿರುತ್ತೆ, ನೀವು ತೋರಿಸಲು ಬಯಸದ ಶೀಟುಗಳ ಸಮೇತ.

ಒಂದು ಮಾತು: ವರ್ಡ್ ಎಷ್ಟೋ ಸಲ ಸೇವ್ ಮಾಡುವಾಗ ತಾನಾಗಿಯೇ ಚಿತ್ರವನ್ನು ಇಂಚಿಗೆ 220 ಪಿಕ್ಸೆಲ್‌ನಷ್ಟಕ್ಕೆ ಇಳಿಸಿಬಿಡುತ್ತೆ. ಹಾಗೆ ಇಳಿದಿದ್ದರೆ ಕಳೆದುಹೋದ ಪಿಕ್ಸೆಲ್ ಯಾವ ಫೋಲ್ಡರಿನಲ್ಲೂ ಸಿಗೋದಿಲ್ಲ.

ಪಿಡಿಎಫ್ ಕತೆ ಬೇರೆ, ಅದು ಜಿಪ್ ಅಲ್ಲ. ಅದರೊಳಗೆ ಜೆಪೆಗ್ ಚಿತ್ರಗಳು ಸಾಮಾನ್ಯವಾಗಿ ಜೆಪೆಗ್ ಆಗೇ ಇರುತ್ತವೆ, ಗುಣಮಟ್ಟ ಕೆಡದಂತೆ ಎತ್ತಿಕೊಳ್ಳಬಹುದು. ಪಾಪ್ಲರ್ ಅನ್ನೋ ಪಿಡಿಎಫ್ ಸಾಫ್ಟ್‌ವೇರ್ ಜೊತೆ ಬರೋ 'ಪಿಡಿಎಫ್‌ಇಮೇಜಸ್' ಅನ್ನೋ ಉಚಿತ ಉಪಕರಣ ಇದಕ್ಕೇ ಇದೆ. ಹಿನ್ನೆಲೆ ಪಾರದರ್ಶಕವಾಗಿರೋ ಚಿತ್ರವಾದರೆ ಜೊತೆಗೊಂದು ಕಪ್ಪು-ಬಿಳುಪು ಚಿತ್ರವೂ ಬೀಳುತ್ತೆ. ಅದು ಹಾಳಾದ ಫೈಲಲ್ಲ, ಎಲ್ಲೆಲ್ಲಿ ಪಾರದರ್ಶಕ ಅಂತ ಹೇಳೋ ಮುಸುಕು. ಗೆರೆಗಳಿಂದ ಬಿಡಿಸಿದ ನಕ್ಷೆ ಮಾತ್ರ ಹೊರಗೆ ಬರೋದೇ ಇಲ್ಲ, ಏಕೆಂದರೆ ಪಿಡಿಎಫ್ ಲೆಕ್ಕದಲ್ಲಿ ಅದು ಚಿತ್ರವೇ ಅಲ್ಲ, ಗೆರೆ ಎಳೆಯೋ ಆಜ್ಞೆಗಳು.

ವರ್ಡ್‌ನ ಹಳೆಯ ಡಾಕ್ (.doc) ಫೈಲೂ ಜಿಪ್ ಅಲ್ಲ. ಸುಲಭದ ದಾರಿ ಅಂದರೆ ಅದನ್ನು ತೆರೆದು ಡಾಕ್ಸ್ ಆಗಿ ಸೇವ್ ಮಾಡೋದು. ಫೈಲ್ ಕೆಟ್ಟು ತೆರೆಯದೇ ಹೋದರೆ, ಜೆಪೆಗ್ ಶುರುವಾಗೋ ಎಫ್‌ಎಫ್ ಡಿ8 ಬೈಟುಗಳನ್ನು ಹುಡುಕಿ ಎಫ್‌ಎಫ್ ಡಿ9 ಬರೋವರೆಗೆ ಕತ್ತರಿಸಿಕೊಳ್ಳೋ ಉಪಕರಣಗಳಿವೆ. ಆದರೆ ಕ್ಯಾಮೆರಾ ಫೋಟೋ ಒಳಗೆ ಪುಟ್ಟ ಥಂಬ್‌ನೇಲ್ ಕೂಡ ಇರುತ್ತೆ, ಅದಕ್ಕೂ ತನ್ನದೇ ಡಿ9 ಇರುತ್ತೆ. ಉಪಕರಣ ಅಲ್ಲೇ ನಿಂತುಬಿಟ್ಟರೆ ದೊಡ್ಡ ಫೋಟೋ ಅರ್ಧಕ್ಕೇ ತುಂಡಾಗುತ್ತೆ, ಆಗ ಮುಂದಿನ ಡಿ9 ಹುಡುಕಿ ಕೈಯಾರೆ ಕತ್ತರಿಸಬೇಕು.