ಮಂಡಿಯ ಮುಂಭಾಗದ ನೋವು: ಬೆರಳು ಇಟ್ಟ ಜಾಗ, ಭಾರ ಬಿದ್ದ ರೀತಿ

ತೋಟದ ಇಳಿಜಾರು ಇಳಿಯುವಾಗ, ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಉದುರಿದ ಕಾಫಿ ಹೆಕ್ಕುವಾಗ, ಮೆಣಸಿನ ಏಣಿ ಹತ್ತುವಾಗ ಮಂಡಿ ನೋಯುತ್ತದೆ ಎಂದು ಬರುವವರನ್ನು ಕೊಡಗಿನಲ್ಲಿ ಚಿಕಿತ್ಸೆ ಕಲಿಯುವ ನಾವು ನೋಡುತ್ತಲೇ ಇರುತ್ತೇವೆ. ಸ್ಕ್ಯಾನ್ ಬರೆಯುವ ಮೊದಲು ಒಂದು ಮಾತು ಕೇಳಿ: "ಒಂದೇ ಬೆರಳಲ್ಲಿ ನೋವಿನ ಜಾಗ ತೋರಿಸಿ."

ಅಂಗೈಯನ್ನೇ ಮಂಡಿಚಿಪ್ಪಿನ ಮೇಲೆ ಇಟ್ಟು ಸುತ್ತಿಸಿದರೆ ಪ್ಯಾಟೆಲ್ಲೊಫೆಮೊರಲ್ ನೋವನ್ನು, ಅಂದರೆ ಚಿಪ್ಪು ತೊಡೆಮೂಳೆಗೆ ಸೇರುವ ಕೀಲಿನ ನೋವನ್ನು ಯೋಚಿಸಿ. ಬೆರಳು ಚಿಪ್ಪಿನ ಕೆಳತುದಿಯಲ್ಲಿ ನಿಂತರೆ ಪ್ಯಾಟೆಲ್ಲರ್ ಟೆಂಡನ್ (ಚಿಪ್ಪನ್ನು ಕೆಳಗಾಲಿನ ಮೂಳೆಗೆ ಕಟ್ಟುವ ನಾರು) ನೋವು. ವರ್ಷವಿಡೀ ಆಡದೆ, ಬೇಸಿಗೆಯ ಕೊಡವ ಕೌಟುಂಬಿಕ ಹಾಕಿಗೆ ಒಮ್ಮೆಲೇ ಓಡಲು ಇಳಿದವರಲ್ಲಿ ಇದನ್ನು ಮರೆಯಬೇಡಿ. ಇನ್ನೂ ಕೆಳಗೆ, ಕೆಳಗಾಲಿನ ಮೂಳೆಯ ಗುಬುಟಿನ ಮೇಲೆ ನಿಂತು, ಮಗು ಬೆಳೆಯುವ ವಯಸ್ಸಿನದಾದರೆ ಆಸ್‌ಗುಡ್-ಶ್ಲಾಟರ್, ಅಂದರೆ ಟೆಂಡನ್ ಎಳೆತಕ್ಕೆ ಆ ಗುಬುಟು ನೋಯುವ ತೊಂದರೆ. ಚಿಪ್ಪಿನ ಮುಂದೆ ಮೆತ್ತಗೆ ಊದಿದ್ದರೆ ಬರ್ಸೈಟಿಸ್, ಅಂದರೆ ಚರ್ಮದಡಿಯ ದ್ರವದ ಚೀಲದ ಉರಿಯೂತ. ಜೊತೆಗೆ ಬಿಸಿ, ಕೆಂಪು, ಜ್ವರ ಇದ್ದರೆ ಸೋಂಕೆಂದೇ ಹಿಡಿದು ಅಂದೇ ವೈದ್ಯರಿಗೆ ತೋರಿಸಿ.

ಮಂಡಿ ಮಡಿಸಿದಷ್ಟೂ ನೋವು ಯಾಕೆ ಹೆಚ್ಚು? ಸಮತಟ್ಟಿನಲ್ಲಿ ನಡೆವಾಗ ಚಿಪ್ಪಿನ ಕೀಲಿನ ಮೇಲೆ ದೇಹತೂಕದ ಸುಮಾರು ಅರ್ಧದಷ್ಟು ಒತ್ತಡ. ಮೆಟ್ಟಿಲಲ್ಲಿ ಅದು ಮೂರು ಪಟ್ಟು ದಾಟುತ್ತದೆ. ಪೂರ್ತಿ ಕುಕ್ಕರಗಾಲಲ್ಲಿ ಏಳೆಂಟು ಪಟ್ಟು. ಹಾಗಾಗಿ ಪ್ಯಾಟೆಲ್ಲೊಫೆಮೊರಲ್ ನೋವಿಗೆ ಅತ್ಯುತ್ತಮ ಪರೀಕ್ಷೆಯೇ ಕುಕ್ಕರಗಾಲು. ಚಿಪ್ಪನ್ನು ಒತ್ತಿ ಹಿಡಿದು ತೊಡೆ ಬಿಗಿಸಿ ಎನ್ನುವ ಕ್ಲಾರ್ಕ್ ಪರೀಕ್ಷೆ ಆರೋಗ್ಯವಂತರಲ್ಲೂ ನೋಯಿಸುತ್ತದೆ, ಅದನ್ನು ನೆಚ್ಚಬೇಡಿ.

ಎರಡು ಪರೀಕ್ಷೆಗಳನ್ನು ಮಾತ್ರ ಯಾರಲ್ಲೂ ಬಿಡಬಾರದು. ಮಲಗಿಸಿ, ಕಾಲನ್ನು ನೇರವಾಗಿಯೇ ಎತ್ತಿಸಿ. ಬಿದ್ದ ಮೇಲೆ ಎತ್ತಲಾಗುತ್ತಿಲ್ಲವೆಂದರೆ ಟೆಂಡನ್ ಹರಿದಿರಬಹುದು, ಚಿಪ್ಪು ಒಡೆದಿರಬಹುದು. ವ್ಯಾಯಾಮ ಹೇಳಿ ಕಳಿಸಿದರೆ ಶಸ್ತ್ರಚಿಕಿತ್ಸೆಯ ಸಮಯ ಕೈತಪ್ಪುತ್ತದೆ. ಎರಡನೆಯದು ಸೊಂಟದ ಕೀಲು. 10ರಿಂದ 16 ವಯಸ್ಸಿನ ಮಗು ಮಂಡಿನೋವು ಎಂದು ಕುಂಟುತ್ತಾ ಬಂದು, ಮಂಡಿಯಲ್ಲಿ ಏನೂ ಸಿಗದಿದ್ದರೆ, ತೊಡೆಯನ್ನು ಮೆಲ್ಲಗೆ ಮಡಿಸಿ ನೋಡಿ. ಮಡಿಸುತ್ತಿದ್ದಂತೆ ತೊಡೆ ತಾನಾಗಿ ಹೊರಕ್ಕೆ ತಿರುಗಿದರೆ, ಒಳಕ್ಕೆ ತಿರುಗಿಸಲು ಬಾರದಿದ್ದರೆ, ತೊಡೆಮೂಳೆಯ ತಲೆಯೇ ಜಾರಿರುವ ಸಾಧ್ಯತೆ ಇದೆ. ಆ ಮಗುವನ್ನು ನಡೆಸಬೇಡಿ. ಎರಡೂ ಕಡೆಯ ಸೊಂಟದ ಎಕ್ಸ್‌ರೇ ಅಂದೇ ಆಗಬೇಕು.

ಇನ್ನು ಚಿಕಿತ್ಸೆ. ಪ್ಯಾಟೆಲ್ಲೊಫೆಮೊರಲ್ ನೋವಿಗೆ ಸೊಂಟ, ಮಂಡಿ ಎರಡರ ವ್ಯಾಯಾಮವೂ ಬೇಕು: ವಾರಕ್ಕೆ 3 ದಿನ, 10-12 ಸಲದ 3 ಸುತ್ತು, 6ರಿಂದ 12 ವಾರ. ನಿಂತು ಮಾಡುವ ಅರೆಬೈಠಕ್‌ನಲ್ಲಿ ಮಂಡಿ ಮಡಿಕೆ 0ರಿಂದ (ಅಂದರೆ ಕಾಲು ನೇರ) 45 ಡಿಗ್ರಿಯೊಳಗೆ ಸಾಕು. ಕುರ್ಚಿಯಲ್ಲಿ ಕೂತು ಕಾಲು ಚಾಚುವುದಾದರೆ ಲೆಕ್ಕ ತಿರುಗುಮುರುಗು, 90ರಿಂದ 45ರವರೆಗೆ ಮಾತ್ರ. ಅಲ್ಲಿಂದ ಮುಂದೆ ಚಾಚಿದರೆ ಕೀಲಿನ ಒತ್ತಡ ಏರುತ್ತದೆ. ಪಕ್ಕಕ್ಕೆ ಮಲಗಿ ಕಾಲೆತ್ತುವಾಗ ಬಹಳ ಜನ ಸೊಂಟವನ್ನು ಹಿಂದಕ್ಕೆ ಉರುಳಿಸಿ ಪಾದವನ್ನು ಮುಂದಕ್ಕೆ ತರುತ್ತಾರೆ. ಆಗ ಪೃಷ್ಠದ ಸ್ನಾಯುವಿಗೆ ಬೀಳಬೇಕಾದ ಕೆಲಸ ತೊಡೆಯ ಮುಂದಿನ ಸ್ನಾಯುವಿಗೆ ಹೋಗುತ್ತದೆ. ಬೆನ್ನು, ಹಿಮ್ಮಡಿ ಗೋಡೆಗೆ ತಾಗಿಸಿ ಮಲಗಿಸಿ, ಹಿಮ್ಮಡಿ ಗೋಡೆಯನ್ನು ಸವರುತ್ತಲೇ ಮೇಲೇರಲಿ. ನೋವು 10ಕ್ಕೆ 3 ದಾಟದೆ, ಮರುದಿನ ಬೆಳಿಗ್ಗೆ ಹೆಚ್ಚದೆ ಇದ್ದರೆ ಮುಂದುವರಿಸಬಹುದು. ಚಿಪ್ಪಿಗೆ ಅಂಟಿಸುವ ಟೇಪ್ ಮೊದಲ ವಾರಗಳ ಆಸರೆ ಅಷ್ಟೇ.

ಟೆಂಡನ್ ನೋವಿಗೆ ಭಾರ ಹೊರಿಸಿ ನಿಧಾನದ ವ್ಯಾಯಾಮ: 3 ಸೆಕೆಂಡ್ ಇಳಿಕೆ, 3 ಸೆಕೆಂಡ್ ಏರಿಕೆ. 15 ಸಲ ಎತ್ತಬಲ್ಲ ಭಾರದಿಂದ ಶುರುಮಾಡಿ, 12 ವಾರಗಳಲ್ಲಿ 6 ಸಲವಷ್ಟೇ ಎತ್ತಬಲ್ಲ ಭಾರಕ್ಕೆ ಬನ್ನಿ. ಟೆಂಡನ್ ಒಳಕ್ಕೆ ಸ್ಟಿರಾಯ್ಡ್ ಚುಚ್ಚಿಸಬಾರದು, ಹರಿಯುವ ಅಪಾಯವಿದೆ. ಆಸ್‌ಗುಡ್ ಮಕ್ಕಳಿಗೆ ಆಟ ಪೂರ್ತಿ ಬಿಡಿಸುವುದು ಬೇಡ, ಓಟ-ಜಿಗಿತ ಕಡಿಮೆ ಮಾಡಿಸಿ.

ಕೊಯ್ಲಿನ ಹೊತ್ತಲ್ಲಿ "ವಿಶ್ರಾಂತಿ ತಗೊಳ್ಳಿ" ಎಂದರೆ ಕೂಲಿ ಹೋಗುತ್ತದೆ, ಆ ಸಲಹೆ ಯಾರೂ ಪಾಲಿಸಲಾರರು. ಹೆಕ್ಕುವಾಗ ಗಿಡ್ಡ ಸ್ಟೂಲಿನ ಮೇಲೆ ಕೂರಲಿ, ಇಳಿಯುವಾಗ ಅಡ್ಡಡ್ಡಲಾಗಿ ಸಣ್ಣ ಹೆಜ್ಜೆ ಇಡಲಿ, ಮೂಟೆಯನ್ನು ಎರಡು ಸಲ ಮಾಡಿ ಹೊರಲಿ. ಇಷ್ಟೂ ಮಾಡಿ 6 ವಾರಕ್ಕೂ ಬದಲಾವಣೆ ಇಲ್ಲದಿದ್ದರೆ, ಇಲ್ಲವೇ ರಾತ್ರಿ ನೋವು ಅಥವಾ ಕೀಲಲ್ಲಿ ನೀರು ಕಂಡರೆ, ಎಕ್ಸ್‌ರೇ ಮಾಡಿಸಿ. ಚೀಟಿಯಲ್ಲಿ ಸ್ಕೈಲೈನ್ ವ್ಯೂ (ಮಂಡಿ ಮಡಿಸಿ ಚಿಪ್ಪಿನ ಉದ್ದಕ್ಕೆ ತೆಗೆಯುವ ಚಿತ್ರ) ಎಂದು ಸೇರಿಸಿ ಬರೆಯಿರಿ, ಚಿಪ್ಪಿನ ಹಿಂದಿನ ಸವೆತ ಸರಿಯಾಗಿ ಕಾಣುವುದು ಅದರಲ್ಲಿ.