ಬಿಟ್ಟವನು ಮತ್ತೆ ಕುಡಿದರೆ: ಚಟ ಮತ್ತು ಚೇತರಿಕೆ ಪಾಠಕ್ಕೆ ಒಂದಿಷ್ಟು ಟಿಪ್ಪಣಿ

ಸಮಾಜಕಾರ್ಯ, ಮನಶ್ಶಾಸ್ತ್ರ, ನರ್ಸಿಂಗ್ ಓದುವ ನಮಗೆಲ್ಲ ಈ ಪಾಠ ಬಂದೇ ಬರುತ್ತದೆ. ಲಕ್ಷಣಗಳನ್ನು ಬಾಯಿಪಾಠ ಮಾಡುತ್ತೇವೆ, ಔಷಧಿಗಳ ಹೆಸರು ಬರೆಯುತ್ತೇವೆ. ಬಿಟ್ಟ ಮೇಲೆ ಏನಾಗುತ್ತದೆ ಅನ್ನುವ ಭಾಗವನ್ನು ಮಾತ್ರ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ನನ್ನ ಪ್ರಕಾರ ಪಾಠದ ಜೀವ ಇರುವುದೇ ಅಲ್ಲಿ. ಅದಕ್ಕೇ ಇಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಅರ್ಥ ಮಾಡಿಕೊಳ್ಳುವುದಕ್ಕೆ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಮದ್ದೂರು ಕಡೆಯ ಹಳ್ಳಿಯವನು, ವಯಸ್ಸು 20. ಮೈಸೂರಿನಲ್ಲಿ ಎಂಜಿನಿಯರಿಂಗ್, ಪಿಜಿಯಲ್ಲಿ ವಾಸ. ಮೊದಲ ವರ್ಷ ಬರ್ತ್‌ಡೇ ಪಾರ್ಟಿಯಲ್ಲಿ ಬಿಯರ್. ಆಮೇಲೆ ಪ್ರತಿ ಶನಿವಾರ. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ದಿನಾ ರಾತ್ರಿ ಕ್ವಾರ್ಟರ್, ನಡುನಡುವೆ ಗಾಂಜಾ. ಕೆಲವು ಸಬ್ಜೆಕ್ಟ್ ಬ್ಯಾಕ್ ಉಳಿದಿವೆ.

"ನಮ್ಮ ಹುಡುಗ ಕುಡುಕ ಆಗೋದ್ನಾ?" ಅಂತ ಮನೆಯವರು ಕೇಳುತ್ತಾರೆ. ಪಾಠ ಹೀಗೆ ಹೌದು-ಅಲ್ಲ ಎಂದು ನೋಡುವುದಿಲ್ಲ, ಎಷ್ಟು ಅಂತ ನೋಡುತ್ತದೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ, 2013ರಲ್ಲಿ ಬಂದ ಡಿಎಸ್ಎಂ-5 ಕೈಪಿಡಿಯಲ್ಲಿ ಇದಕ್ಕೆ 11 ಲಕ್ಷಣಗಳಿವೆ. 12 ತಿಂಗಳ ಅವಧಿಯಲ್ಲಿ ಅವುಗಳಲ್ಲಿ 2 ಅಥವಾ 3 ಕಂಡರೆ ಸೌಮ್ಯ, 4 ಅಥವಾ 5 ಕಂಡರೆ ಮಧ್ಯಮ, 6 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ನಮ್ಮ ಹುಡುಗನದ್ದನ್ನು ಎಣಿಸಿ ನೋಡಿ. ಸ್ವಲ್ಪ ಸಾಕು ಅಂತ ಕೂತವನು ಬಾಟಲಿ ಖಾಲಿ ಮಾಡಿಯೇ ಏಳುತ್ತಾನೆ. ಬಿಡಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದಾನೆ, ಆಗಿಲ್ಲ. ಸಂಜೆಯಾದರೆ ಮನಸ್ಸು ಅತ್ತಲೇ ಎಳೆಯುತ್ತದೆ. ಓದು ಕೆಟ್ಟಿದೆ. ಕಬಡ್ಡಿ ಆಡುತ್ತಿದ್ದವನು ಮೈದಾನದ ಕಡೆಗೇ ಹೋಗುತ್ತಿಲ್ಲ. ಕುಡಿದು ರಿಂಗ್ ರಸ್ತೆಯಲ್ಲಿ ಮತ್ತೆ ಮತ್ತೆ ಬೈಕ್ ಓಡಿಸುತ್ತಾನೆ. ಮೊದಲಿನಷ್ಟಕ್ಕೆ ಈಗ ಏರುವುದೇ ಇಲ್ಲ. ಅಲ್ಲಿಗೆ ಏಳಾಯಿತು. ಪರೀಕ್ಷೆಯಲ್ಲಿ ಲಕ್ಷಣಗಳನ್ನು ಪಟ್ಟಿ ಮಾಡುವ ಬದಲು ಹೀಗೆ ಒಬ್ಬ ಮನುಷ್ಯನ ದಿನಚರಿಯಲ್ಲಿ ತೋರಿಸಿ, ನೆನಪಲ್ಲೂ ಉಳಿಯುತ್ತದೆ.

ಈ ವಯಸ್ಸಿಗೆ ಬೇರೆ ತೂಕ ಯಾಕೆ? ಮುಂದಾಲೋಚನೆ ಮಾಡುವ, ಬೇಡ ಅಂತ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಖುಷಿ ಬೇಡುವ ಭಾಗ ಅದಕ್ಕಿಂತ ಮುಂಚೆಯೇ ಚುರುಕಾಗಿರುತ್ತದೆ. ಮದ್ಯ, ಗಾಂಜಾ, ನಿಕೋಟಿನ್ ಎಲ್ಲವೂ ಅಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತವೆ. ಅದರ ಮೇಲೆ ಮೊದಲ ಬಾರಿ ಮನೆಯಿಂದ ದೂರ, ಕೈಯಲ್ಲಿ ದುಡ್ಡು, ಕೇಳುವವರಿಲ್ಲದ ಪಿಜಿ.

ಏಮ್ಸ್‌ನ ತಜ್ಞರು ಮಾಡಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಒಂದು ಅಂಕಿ ಬರೆದಿಟ್ಟುಕೊಳ್ಳಿ. ಮದ್ಯಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ಏನು ಮಾಡುತ್ತಿದ್ದಾರೆ ಅನ್ನುವುದು ನಮ್ಮ ಊರುಗಳಲ್ಲೇ ಕಾಣುತ್ತದೆ.

ಏಕಾಏಕಿ ನಿಲ್ಲಿಸುವುದು

ಇಲ್ಲಿ ತಪ್ಪಿದರೆ ಪ್ರಾಣಕ್ಕೇ ಅಪಾಯ. ದಿನಾ ಜಾಸ್ತಿ ಕುಡಿಯುವವನನ್ನು ರೂಮಿನಲ್ಲಿ ಕೂಡಿಹಾಕಿ "ಇವತ್ತಿಂದ ಬಂದ್" ಅನ್ನಬಾರದು. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಹಳ್ಳಿಯಲ್ಲಿ ಇದನ್ನು ಗಾಳಿ ಸೋಕಿದೆ ಅಂದುಕೊಂಡು ದೇವಸ್ಥಾನಕ್ಕೆ ಕರೆದೊಯ್ಯುವುದುಂಟು. ಇದು ಆಸ್ಪತ್ರೆಗೆ ಓಡಬೇಕಾದ ಹೊತ್ತು, 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆಯಲ್ಲಿ ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಕೊಡುತ್ತಾರೆ, ಜೊತೆಗೆ ಥಯಮಿನ್ ಎಂಬ ಬಿ1 ವಿಟಮಿನ್.

ಗಾಂಜಾ ಬಿಟ್ಟಾಗ ಹೀಗೆ ಜೀವಕ್ಕೆ ಕುತ್ತು ಬರುವುದಿಲ್ಲ. ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಒಂದೆರಡು ವಾರ ಕಾಡುತ್ತವೆ. ಅಫೀಮಿನ ಜಾತಿಯ ಮಾತ್ರೆ, ಇಂಜೆಕ್ಷನ್ ವಿಷಯದಲ್ಲಿ ಅಪಾಯ ಇರುವುದು ಬೇರೆ ಕಡೆ. ಕೆಲವು ವಾರ ಬಿಟ್ಟಿದ್ದರೆ ಮೈ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಡಿಸ್ಚಾರ್ಜ್ ಆಗಿ ಮನೆಗೆ ಬಂದವರ ಮನೆಯವರಿಗೆ ಇದನ್ನು ಹೇಳಲೇಬೇಕು.

ಬೀಗರೂಟದ ರಾತ್ರಿ

ನಮ್ಮ ಹುಡುಗ ಚಿಕಿತ್ಸೆ ತೆಗೆದುಕೊಂಡ. ಕೆಲವು ತಿಂಗಳು ಮುಟ್ಟಲಿಲ್ಲ. ಅಷ್ಟರಲ್ಲಿ ಊರಲ್ಲಿ ಅಕ್ಕನ ಮದುವೆಯಾಯಿತು, ಬೀಗರೂಟ ಬಂತು. ಮಂಡ್ಯ ಕಡೆಯ ಬೀಗರೂಟ ಗೊತ್ತಲ್ವಾ, ಬಾಡೂಟದ ಜೊತೆ ಗಂಡಸರ ಗುಂಪು ತೋಟದ ಪಂಪ್‌ಹೌಸ್ ಕಡೆ ಸೇರುತ್ತದೆ. ಚಿಕ್ಕಪ್ಪ ಲೋಟ ಚಾಚಿದರು. "ಒಂದೇ ಒಂದು ಪೆಗ್ಗು ಕಣ್ಲಾ, ಏನಾಗಲ್ಲ. ಶುಭಕಾರ್ಯದಲ್ಲಿ ಬ್ಯಾಡ ಅನ್ಬಾರ್ದು." ಅವನು ಕುಡಿದ.

ಆಮೇಲಿನ ಕೆಲವು ಗಂಟೆಗಳನ್ನೇ ನಾವು ಸರಿಯಾಗಿ ಓದಬೇಕಾದದ್ದು. ಅವನ ತಲೆಯಲ್ಲಿ ಓಡುವ ಮಾತು ಒಂದೇ: ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತು, ಮುಳುಗಿದವನಿಗೆ ಚಳಿಯೇನು, ಮಳೆಯೇನು. ಆ ಯೋಚನೆಯಲ್ಲೇ ಎರಡನೆಯ, ಮೂರನೆಯ ಲೋಟ ಏರುತ್ತದೆ. ಅಲನ್ ಮಾರ್ಲಾಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹೆಚ್ಚು ಕೆಲಸ ಮಾಡಿದ್ದು ಈ ಜಾಗದ ಮೇಲೆ. ಒಂದು ಸಲ ಜಾರುವುದು ಬೇರೆ, ಹಳೆಯ ಚಟಕ್ಕೆ ಪೂರ್ತಿ ವಾಪಸ್ಸಾಗುವುದು ಬೇರೆ. ಮೊದಲನೆಯದು ಎರಡನೆಯದಾಗುವಂತೆ ಮಾಡುವುದರಲ್ಲಿ ನಾಚಿಕೆ ಮತ್ತು "ನಾನು ಕೈಲಾಗದವನು" ಎಂಬ ತೀರ್ಮಾನದ ಪಾಲು ದೊಡ್ಡದು.

ಮಾರ್ಲಾಟ್ ಹೇಳುವ ಇನ್ನೊಂದು ಮಾತು: ಜಾರುವುದು ಲೋಟ ಹಿಡಿದಾಗ ಶುರುವಾಗುವುದಿಲ್ಲ. ಹಿಂದಕ್ಕೆ ಹೋಗಿ ನೋಡಿ. ಮದುವೆ ಓಡಾಟದಲ್ಲಿ ಅವನಿಗೆ ನಿದ್ದೆ ಇರಲಿಲ್ಲ. ರಿಸಲ್ಟ್ ಬಂದು ಬೇಜಾರಾಗಿತ್ತು. ಡಾಕ್ಟರ ಹತ್ತಿರ ಹೋಗುವುದು ತಪ್ಪಿತ್ತು. ನೀರು ಬಿಡೋಕೆ ಅಂತ ಪಂಪ್‌ಹೌಸ್ ಕಡೆ ಹೋದದ್ದು ಅವನೇ. ಒಂದೊಂದೂ ಸುಮ್ನೆ ಆದದ್ದು ಅನಿಸುತ್ತದೆ, ಜೋಡಿಸಿದರೆ ದಾರಿ ಕಾಣುತ್ತದೆ. ಸಲಹೆಗಾರರು ಈ ದಾರಿಯನ್ನು ಅವನ ಬಾಯಿಂದಲೇ ಹೇಳಿಸಬೇಕು. ಬೈದರೆ ಅವನು ಹೇಳುವುದಿಲ್ಲ, ಮುಂದಿನ ಸಲ ಬಚ್ಚಿಡುತ್ತಾನೆ.

ತಯಾರಿ ಇಷ್ಟು ಸಣ್ಣದಾಗಿ, ಇಷ್ಟು ನಿಖರವಾಗಿ ಇರಬೇಕು: ಚಿಕ್ಕಪ್ಪ ಲೋಟ ಚಾಚಿದಾಗ ಏನು ಹೇಳುತ್ತೀಯ? "ಮಾತ್ರೆ ತಗೋತಾ ಇದೀನಿ ಚಿಕ್ಕಪ್ಪ, ಡಾಕ್ಟ್ರು ಕುಡೀಲೇಬಾರ್ದು ಅಂದವ್ರೆ." ಹಿರಿಯರ ಮಾತು ತೆಗೆದುಹಾಕಿದ ಹಾಗೂ ಆಗುವುದಿಲ್ಲ, ಬೇಡ ಅಂದ ಹಾಗೂ ಆಯಿತು. ಇದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಸಬೇಕು. ಆಸೆ ಏರಿದಾಗ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ ಅಂತಲೂ ತಿಳಿಸಬೇಕು. ಅಷ್ಟು ಹೊತ್ತು ಹೆಂಗಸರು, ಮಕ್ಕಳು ಇರುವ ಕಡೆ ಬಡಿಸುವುದಕ್ಕೆ ನಿಂತರೂ ಸಾಕು.

ಅಮೆರಿಕದ ಮಾದಕ ವ್ಯಸನ ಸಂಸ್ಥೆ ಹೇಳುವಂತೆ ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಮಂದಿ ಮತ್ತೆ ಶುರುಮಾಡುತ್ತಾರೆ. ಬಿಪಿ, ಆಸ್ತಮಾ ರೋಗಿಗಳಲ್ಲಿ ಕಾಯಿಲೆ ಮತ್ತೆ ತಲೆ ಎತ್ತುವ ಪ್ರಮಾಣವೂ ಸುಮಾರು ಇಷ್ಟೇ ಅಥವಾ ಇದಕ್ಕಿಂತ ಜಾಸ್ತಿ. ಅಜ್ಜನ ಬಿಪಿ ಏರಿದರೆ ಮಾತ್ರೆ ಬದಲಾಯಿಸುತ್ತೇವೆ, ಅಜ್ಜನನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ.

ಮನೆಯವರು ಮಾಡುವುದು

ಮಾದಪ್ಪನ ಮೇಲೆ ಆಣೆ ಮಾಡಿಸುತ್ತಾರೆ. ಆ ನಂಬಿಕೆಯಿಂದಲೇ ಬಿಟ್ಟವರಿದ್ದಾರೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಆಣೆ ಮುರಿದವನಿಗೆ ನಾಚಿಕೆಯ ಜೊತೆ ದೇವರ ಭಯವೂ ಸೇರುತ್ತದೆ, ಅವನು ಯಾರಿಗೂ ಹೇಳದೆ ಕುಡಿಯುತ್ತಾನೆ. ಆಣೆಯ ಜೊತೆ ಆಸ್ಪತ್ರೆಯೂ ಇರಲಿ ಅಂತ ಹೇಳುವುದು ನಮ್ಮ ಕೆಲಸ. ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವವರಿಗೆ ಮಾತ್ರ ನೇರವಾಗಿ ಬೇಡ ಅನ್ನಿ, ಇನ್ನೊಂದು ಹೆಣ್ಣುಮಗುವಿನ ಬದುಕು ಅದರಲ್ಲಿದೆ.

ಸಾರಿಗೋ ಕಾಫಿಗೋ ಗೊತ್ತಾಗದ ಹಾಗೆ ಮಾತ್ರೆ ಬೆರೆಸುವುದಂತೂ ಬೇಡವೇ ಬೇಡ. ಡೈಸಲ್ಫಿರಾಮ್ ಎಂಬ ಔಷಧಿ ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿಪಿ ಬಿದ್ದುಹೋಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರೇ ಕೊಡಬೇಕಾದ ಔಷಧಿ ಅದು.

ಎಲ್ಲಿಗೆ ಹೋಗಬೇಕು

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ಹೊರಗೆ ಬರಲು ಹಿಂಜರಿಯುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ, ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವುದಕ್ಕೇ ಅಂತ ಇರುವ ರಾಷ್ಟ್ರೀಯ ಸಹಾಯವಾಣಿ 14446. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಕೇಳಿ. ಸರಪಳಿ ಹಾಕಿ ಕಟ್ಟುವುದನ್ನು ಆ ಕಾಯ್ದೆ ಪೂರ್ತಿ ನಿಷೇಧಿಸಿದೆ.

ಗಾಂಜಾ ಸೇದುವ ಹುಡುಗರು ಆಸ್ಪತ್ರೆಗೆ ಬಾರದಿರಲು ಪೊಲೀಸರ ಭಯವೂ ಒಂದು ಕಾರಣ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೂ ಅಪರಾಧ, ಅದು ನಿಜ. ಅದೇ ಕಾಯ್ದೆಯಲ್ಲಿ 64ಎ ಸೆಕ್ಷನ್ ಕೂಡ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸು ಬಿದ್ದ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ತೆಗೆದುಕೊಂಡರೆ ಆ ಕೇಸಿನಲ್ಲಿ ಶಿಕ್ಷೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಪೂರ್ತಿ ತೆಗೆದುಕೊಳ್ಳದಿದ್ದರೆ ಈ ರಕ್ಷಣೆಯನ್ನು ವಾಪಸ್ ಪಡೆಯಬಹುದು. ದೊಡ್ಡ ಪ್ರಮಾಣದಲ್ಲಿ ಸಾಗಿಸುವವರಿಗೆ, ಮಾರುವವರಿಗೆ ಇದು ಅನ್ವಯಿಸುವುದಿಲ್ಲ. ಕ್ಲಾಸಿನ ಗೆಳೆಯ "ಆಸ್ಪತ್ರೆಗೆ ಹೋದ್ರೆ ಹಿಡ್ಕೊಳ್ತಾರಾ?" ಅಂತ ಕೇಳಿದರೆ ಈ ಸೆಕ್ಷನ್ ಸಂಖ್ಯೆಯನ್ನೇ ಹೇಳಿ, ಜೊತೆಗೆ ನೀವೂ ಹೋಗಿ.